ಟೆಸ್ಟ್ ಆಡಿದ ಪಾದ್ರಿ, ಸುಮ್ಮನಿರದ ಬಿಷಪ್

1963ರ ಜನವರಿ ಮೂರನೇ ತಾರೀಖು. ಮೆಲ್ಬರ್ನ್ ಮೈದಾನದಲ್ಲಿ ಆಷಸ್ ಸರಣಿಯ ಎರಡನೇ ಟೆಸ್ಟ್‌ನ ಕೊನೆಯ ದಿನ. ಗೆಲ್ಲಲು ಇಂಗ್ಲೆಂಡಿಗೆ ಬೇಕಾದದ್ದು 234 ರನ್. ಬಿಸಿಲಲ್ಲಿ ನಿಂತು ಆಡುತ್ತಿರುವ ಎತ್ತರದ ಆರಂಭಿಕ ಆಟಗಾರ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿದ್ದ. ಸಾಲದ್ದಕ್ಕೆ ಕೈಗೆ ಬಂದ ಕ್ಯಾಚುಗಳನ್ನೂ ನೆಲಕ್ಕೆ ಬಿಟ್ಟು ಗ್ಯಾಲರಿಯವರ ಗೇಲಿಗೆ ಗುರಿಯಾಗಿದ್ದ. ಈಗ ಅದೇ ಮನುಷ್ಯ ಶತಕ ದಾಟಿ ನಿಂತಿದ್ದಾನೆ. ಸ್ಕೋರು ಸಮನಾಗಿದೆ, ಇನ್ನೊಂದೇ ರನ್ ಬಾಕಿ. ಆ ಒಂದಕ್ಕಾಗಿ ಓಡಿದವನು 113ಕ್ಕೆ ರನ್ ಔಟ್! ಹಿಂದೆ ಬಂದವರು ಪಂದ್ಯ ಮುಗಿಸಿದರು, ಇಂಗ್ಲೆಂಡ್ ಏಳು ವಿಕೆಟ್‌ಗಳಿಂದ ಗೆದ್ದಿತು.

ಆ ಆಟಗಾರನ ಹೆಸರು ರೆವರೆಂಡ್ ಡೇವಿಡ್ ಶೆಪರ್ಡ್. ಪಾದ್ರಿ ದೀಕ್ಷೆ ಪಡೆದ ಮೇಲೆ ಟೆಸ್ಟ್ ಆಡಿದ ಮೊದಲಿಗ. ಬೆಳ್ಳಗಿನ ಗುಂಗುರು ಕೂದಲಿನ ಅಂಪೈರ್ ಡೇವಿಡ್ ಶೆಫರ್ಡ್ ನಮ್ಮಲ್ಲಿ ಅನೇಕರಿಗೆ ಗೊತ್ತು, 111 ರನ್ ಬಂದಾಗ ಒಂಟಿಕಾಲಲ್ಲಿ ಕುಣಿಯುತ್ತಿದ್ದವರು. ಅವರೇ ಬೇರೆ, ಇವರೇ ಬೇರೆ. ಇವರು ಮುಂದೆ 22 ವರ್ಷ ಲಿವರ್‌ಪೂಲ್‌ನ ಬಿಷಪ್ ಆಗಿದ್ದು, ನಿವೃತ್ತರಾಗಿ, ಕೊನೆಗೆ ಲಾರ್ಡ್ ಶೆಪರ್ಡ್ ಎನಿಸಿಕೊಂಡವರು.

ಆ ಪ್ರವಾಸದಲ್ಲಿ ಇವರ ಬ್ಯಾಟಿಗಿಂತ ಹೆಚ್ಚು ಸುದ್ದಿಯಾದದ್ದು ಕೈಬಿಟ್ಟ ಕ್ಯಾಚುಗಳೇ. ಇವತ್ತು ಭಾನುವಾರ ಅಂದುಕೊಂಡಾದರೂ ಕೈ ಜೋಡಿಸಬಾರದೇ ಎಂದು ಬೌಲರ್ ಫ್ರೆಡ್ ಟ್ರೂಮನ್ ರೇಗಿಸಿದ್ದರಂತೆ. ಆಸ್ಟ್ರೇಲಿಯದ ದಂಪತಿಯೊಬ್ಬರದ್ದು ಇನ್ನೊಂದು ಕತೆ. ಮಗುವಿಗೆ ಶೆಪರ್ಡ್ ಕೈಯಲ್ಲೇ ದೀಕ್ಷಾಸ್ನಾನ ಮಾಡಿಸೋಣ ಎಂದು ಗಂಡ ಹೇಳಿದನಂತೆ; ಬೇಡವೇ ಬೇಡ, ಅವರು ಮಗುವನ್ನೂ ಬೀಳಿಸಿಯಾರು ಎಂದು ಹೆಂಡತಿ ತಡೆದಳಂತೆ. ನಿಜವೋ ಸುಳ್ಳೋ, ಕ್ರಿಕೆಟ್ ಮಂದಿ ಈ ಕತೆಗಳನ್ನು ಇವತ್ತಿಗೂ ಬಿಟ್ಟಿಲ್ಲ.

ಆದರೆ ಶೆಪರ್ಡ್ ಬದುಕಿನಲ್ಲಿ ಕ್ರಿಕೆಟ್ ಮೊದಲ ಅಧ್ಯಾಯ ಮಾತ್ರ. ಅಲ್ಲಿ ಗಳಿಸಿದ ಹೆಸರನ್ನು ಅವರು ಎಲ್ಲೆಲ್ಲಿ ಖರ್ಚು ಮಾಡಿದರು ಎಂಬುದು ಆಟಕ್ಕಿಂತ ಸ್ವಾರಸ್ಯದ ಸಂಗತಿ.

ಬಿಷಪ್ ಎಂದರೆ ಯಾರು?

ಬೆಂಗಳೂರಿನವರಿಗೆ ಬಿಷಪ್ ಎಂದೊಡನೆ ನೆನಪಾಗುವುದು ಬಿಷಪ್ ಕಾಟನ್ ಶಾಲೆ. 1865ರಲ್ಲಿ ಶುರುವಾದ ಆ ಶಾಲೆಗೆ ಹೆಸರು ಬಂದದ್ದು ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಆಗಿದ್ದ ಜಾರ್ಜ್ ಕಾಟನ್ ಅವರಿಂದ. ಆಂಗ್ಲಿಕನ್ ಎಂದರೆ ಇಂಗ್ಲೆಂಡಿನ ಅಧಿಕೃತ ಕ್ರೈಸ್ತ ಸಭೆ. ಎಂಟನೇ ಹೆನ್ರಿ ದೊರೆ 1534ರಲ್ಲಿ ರೋಮಿನ ಪೋಪರ ಅಧಿಕಾರವನ್ನು ತಳ್ಳಿಹಾಕಿದಾಗಿನಿಂದ ಅದು ಬೇರೆಯಾಗಿ ನಡೆದುಬಂದಿದೆ. ಇಂದಿಗೂ ರಾಜ ಅಥವಾ ರಾಣಿಯೇ ಅದರ ಲೌಕಿಕ ಮುಖ್ಯಸ್ಥರು.

ಆಂಗ್ಲಿಕನ್ ಸಭೆಯ ಬೇರು ನಮ್ಮಲ್ಲೂ ಇದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಪ್ರಾಟೆಸ್ಟೆಂಟ್ ಸಭೆಗಳು ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ಊರೂರುಗಳಲ್ಲಿ ಕಾಣುವ ಸಿಎಸ್ಐ ಚರ್ಚುಗಳು ಅದರವು.

ಆಂಗ್ಲಿಕನ್ ಬಿಷಪ್ ಒಂದು ಧರ್ಮಪ್ರಾಂತ್ಯದ ಮೇಲ್ವಿಚಾರಕ. ಪಾದ್ರಿಗಳಿಗೆ ದೀಕ್ಷೆ ಕೊಡುವುದು, ಅವರನ್ನು ಊರೂರಿಗೆ ನೇಮಿಸುವುದು, ಹರೆಯದವರನ್ನು ದೃಢೀಕರಣ ಸಂಸ್ಕಾರದ ಮೂಲಕ ಸಭೆಗೆ ಸೇರಿಸಿಕೊಳ್ಳುವುದು ಅವರ ಕೆಲಸ. ಮದುವೆಯಾಗಬಹುದು, ಮಕ್ಕಳಿರಬಹುದು. ನಮ್ಮ ಮಠದ ಸ್ವಾಮಿಗಳಂತೆ ಪೀಠ ಜೀವನಪರ್ಯಂತದ್ದಲ್ಲ. ಎಪ್ಪತ್ತು ತುಂಬುವ ಹೊತ್ತಿಗೆ ಕುರ್ಚಿ ಬಿಡಬೇಕು.

ಹೊರಗಿನಿಂದ ನೋಡುವವರಿಗೆ ಬಿಷಪ್ ಭಾರೀ ಅಧಿಕಾರಿಯಂತೆ ಕಾಣುತ್ತಾರೆ. ವಾಸ್ತವ ಹಾಗಿಲ್ಲ. ಶೆಪರ್ಡ್ ಕಾಲದಲ್ಲಿ ಒಂದು ಚರ್ಚಿಗೆ ಒಮ್ಮೆ ನೇಮಕವಾದ ಪಾದ್ರಿಯನ್ನು ಕದಲಿಸುವುದು ಬಿಷಪ್ಪರಿಗೂ ಸುಲಭವಿರಲಿಲ್ಲ. ಅವರ ಕೈಲಿದ್ದ ನಿಜವಾದ ಬಲ ಎರಡೇ: ಹೇಳಿದರೆ ಪತ್ರಿಕೆಗಳು ಬರೆಯುತ್ತವೆ, ಕರೆದರೆ ಜನ ಬರುತ್ತಾರೆ. ಜೊತೆಗೆ ಹಿರಿತನ ಬಂದಂತೆ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಬಿಷಪ್ಪರಿಗೆಂದು ಮೀಸಲಾದ 26 ಸ್ಥಾನಗಳಲ್ಲಿ ಒಂದು ಸಿಗುತ್ತದೆ. ಬಹಳಷ್ಟು ಬಿಷಪ್ಪರು ಈ ಬಲವನ್ನು ಉದ್ಘಾಟನೆಗಳಲ್ಲೂ ಔತಣಗಳಲ್ಲೂ ಕರಗಿಸಿಬಿಡುತ್ತಾರೆ. ಶೆಪರ್ಡ್ ಹಾಗೆ ಮಾಡಲಿಲ್ಲ.

ಹೆಸರಿನ ಮುಂದಿನ ಇನಿಷಿಯಲ್

ಡೇವಿಡ್ ಸ್ಟುವರ್ಟ್ ಶೆಪರ್ಡ್ ಹುಟ್ಟಿದ್ದು 1929ರ ಮಾರ್ಚ್ 6ರಂದು, ಲಂಡನ್ನಿನ ದಕ್ಷಿಣಕ್ಕಿರುವ ರೈಗೇಟ್‌ನಲ್ಲಿ. ಉಳ್ಳವರ ಮನೆತನ. ಶೆರ್‌ಬೋರ್ನ್ ಎಂಬ ಪ್ರತಿಷ್ಠಿತ ಖಾಸಗಿ ಶಾಲೆ, ಆಮೇಲೆ ಕೇಂಬ್ರಿಡ್ಜಿನ ಟ್ರಿನಿಟಿ ಹಾಲ್.

ಆಗಿನ ಇಂಗ್ಲಿಷ್ ಕ್ರಿಕೆಟ್‌ನಲ್ಲಿ ಎರಡು ಜಾತಿ. ಸಂಬಳಕ್ಕಾಗಿ ಆಡುವವರು 'ಪ್ಲೇಯರ್ಸ್'. ಹಣ ಮುಟ್ಟದೆ ಹವ್ಯಾಸಕ್ಕೆ ಆಡುವವರು 'ಜೆಂಟಲ್‌ಮೆನ್'. ಮೈದಾನಕ್ಕಿಳಿಯುವ ಬಾಗಿಲೂ ಬೇರೆ ಬೇರೆ. ಸ್ಕೋರ್‌ಕಾರ್ಡಿನಲ್ಲಿ ಜೆಂಟಲ್‌ಮನ್ನಿನ ಇನಿಷಿಯಲ್ ಹೆಸರಿನ ಮುಂದೆ, ಪ್ಲೇಯರಿನದು ಹೆಸರಿನ ಹಿಂದೆ. ಶೆಪರ್ಡರ ಇನಿಷಿಯಲ್ ಎಂದೂ ಹೆಸರಿನ ಮುಂದೆಯೇ ಇತ್ತು. ಮುಂದಿನ ಕತೆಗೆಲ್ಲ ಇದು ಮುಖ್ಯ: ಅವರು ಹೊರಗೆ ನಿಂತು ಕೂಗಿದ ಬಂಡಾಯಗಾರರಲ್ಲ, ಒಳಮನೆಯವರು.

1950ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಓವಲ್‌ನಲ್ಲಿ ಮೊದಲ ಟೆಸ್ಟ್. 1952ರಲ್ಲಿ ವಿಜಯ್ ಹಜಾರೆ ನಾಯಕತ್ವದ ಭಾರತ ತಂಡ ಇಂಗ್ಲೆಂಡಿಗೆ ಹೋಗಿ ಪಡಬಾರದ ಪಾಡು ಪಟ್ಟಿತಲ್ಲ, ಆ ಸರಣಿಯ ಕೊನೆಯ ಟೆಸ್ಟ್‌ನಲ್ಲಿ ಓವಲ್‌ನಲ್ಲೇ ಶೆಪರ್ಡ್ 119 ಹೊಡೆದರು. ಅದೇ ಅವರ ಟೆಸ್ಟ್ ಬದುಕಿನ ಅತಿ ಹೆಚ್ಚಿನ ಸ್ಕೋರು. ಉತ್ತರವಾಗಿ ಭಾರತ 98ಕ್ಕೆ ಉರುಳಿತು, ಪಂದ್ಯ ಉಳಿದದ್ದು ಮಳೆಯ ಪುಣ್ಯದಿಂದ. 1953ರಲ್ಲಿ ಸಸೆಕ್ಸ್ ಕೌಂಟಿಯ ನಾಯಕರಾಗಿ ತಂಡವನ್ನು ಎರಡನೇ ಸ್ಥಾನಕ್ಕೆ ತಂದರು. 1954ರಲ್ಲಿ ನಾಯಕ ಲೆನ್ ಹಟನ್ ಕಾಯಿಲೆ ಬಿದ್ದಾಗ ಪಾಕಿಸ್ತಾನದ ವಿರುದ್ಧ ಎರಡು ಟೆಸ್ಟ್‌ಗಳಿಗೆ ಇಂಗ್ಲೆಂಡ್ ನಾಯಕರೂ ಆದರು. ವಯಸ್ಸು 25.

ಆ ಹೊತ್ತಿಗಾಗಲೇ ಅವರು ಕೇಂಬ್ರಿಡ್ಜಿನ ರಿಡ್ಲಿ ಹಾಲ್‌ನಲ್ಲಿ ಪಾದ್ರಿ ತರಬೇತಿಗೆ ಸೇರಿಯಾಗಿತ್ತು. ವಿದ್ಯಾರ್ಥಿಯಾಗಿದ್ದಾಗ 1949ರಲ್ಲಿ ಅಮೆರಿಕದ ಪ್ರಚಾರಕರೊಬ್ಬರ ಪ್ರಸಂಗ ಕೇಳಿ ಮನಸ್ಸು ತಿರುಗಿತ್ತು. 1954ರ ಕೊನೆಗೆ ಹೊರಡಲಿದ್ದ ಆಸ್ಟ್ರೇಲಿಯ ಪ್ರವಾಸಕ್ಕೆ ಹಟನ್ ಬದಲು ಶೆಪರ್ಡ್ ನಾಯಕರಾಗಲಿ ಎಂಬ ಒತ್ತಡ ಒಳವಲಯದಲ್ಲಿ ಜೋರಾಗಿಯೇ ಇತ್ತು. ಹಟನ್ ಸಂಬಳದ ಆಟಗಾರ, ಶೆಪರ್ಡ್ ಜೆಂಟಲ್‌ಮನ್. ಒತ್ತಡದ ಹಿಂದಿನ ಕಾರಣ ಊಹಿಸುವುದು ಕಷ್ಟವಲ್ಲ. ಕೊನೆಗೆ ಹಟನ್ನರೇ ಹೋದರು, ಆಷಸ್ ಗೆದ್ದು ಬಂದರು. ಶೆಪರ್ಡ್ 1955ರಲ್ಲಿ ದೀಕ್ಷೆ ಪಡೆದು ಉತ್ತರ ಲಂಡನ್ನಿನ ಇಸ್ಲಿಂಗ್ಟನ್ ಚರ್ಚಿನಲ್ಲಿ ಕಿರಿಯ ಪಾದ್ರಿಯಾದರು.

1956ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಜಿಮ್ ಲೇಕರ್ 19 ವಿಕೆಟ್ ಕಿತ್ತ ಪಂದ್ಯ ಎಲ್ಲರಿಗೂ ಗೊತ್ತು. ಅದೇ ಪಂದ್ಯದಲ್ಲಿ, ಆ ವರ್ಷ ಬ್ಯಾಟ್ ಹಿಡಿದದ್ದೇ ಅಪರೂಪವಾಗಿದ್ದ ಈ ಕಿರಿಯ ಪಾದ್ರಿ ಬಂದು 113 ಹೊಡೆದದ್ದು ಲೇಕರ್ ನೆರಳಲ್ಲಿ ಮರೆತೇಹೋಗಿದೆ. ಒಟ್ಟು 22 ಟೆಸ್ಟ್, 1172 ರನ್, ಮೂರು ಶತಕ. ಪೂರ್ತಿ ಸಮಯ ಆಡಿದ್ದರೆ ಎಲ್ಲಿಗೆ ಮುಟ್ಟುತ್ತಿದ್ದರೋ.

ಹಡಗುಕಟ್ಟೆಯ ಹನ್ನೆರಡು ವರ್ಷ

1957ರಲ್ಲಿ ಶೆಪರ್ಡ್ ಗ್ರೇಸ್ ಐಸಾಕ್ ಅವರನ್ನು ಮದುವೆಯಾದರು. ನವದಂಪತಿ ಪೂರ್ವ ಲಂಡನ್ನಿನ ಕ್ಯಾನಿಂಗ್ ಟೌನಿಗೆ ಹೋಗಿ ನೆಲೆಸಿದರು. ಹಡಗುಗಳಿಂದ ಸರಕು ಇಳಿಸುವ ಕೂಲಿಗಳ ಬಡಾವಣೆ ಅದು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಬಾಂಬುಗಳಿಗೆ ಸಿಕ್ಕು ನಲುಗಿದ ಜಾಗ. ಅಲ್ಲಿನ ಮೇಫ್ಲವರ್ ಕೇಂದ್ರದ ಹೊಣೆ ಅವರ ಹೆಗಲಿಗೆ ಬಂತು. ಚರ್ಚು, ಹುಡುಗರ ಕ್ಲಬ್ಬು, ಮಕ್ಕಳ ಶಿಶುವಿಹಾರ ಎಲ್ಲವೂ ಒಂದೇ ಆವರಣದಲ್ಲಿ. 1969ರವರೆಗೆ ಅಲ್ಲೇ ಇದ್ದರು.

ಪ್ರಸಿದ್ಧ ಕ್ರಿಕೆಟಿಗ ಬಂದಿದ್ದಾನೆ ಎಂದು ಹುಡುಗರು ಸಾಲುಗಟ್ಟಿ ಚರ್ಚಿಗೆ ಬಂದುಬಿಟ್ಟರೆಂದರೆ ಅದು ಸಿನಿಮಾ ಕತೆ. ಕೂಲಿ ಜನ ಚರ್ಚನ್ನು ಕಂಡದ್ದು ಸಾಹೇಬರ ಸಂಸ್ಥೆಯೆಂದು. ಇಂಗ್ಲೆಂಡಿನ ದೊಡ್ಡ ನಗರಗಳ ದುಡಿಯುವ ವರ್ಗವನ್ನು ಚರ್ಚು ಕಳೆದುಕೊಂಡಿತು ಎಂಬ ಮಾತಿದೆ. ಕಳೆದುಕೊಳ್ಳಲು ಅವರು ಯಾವತ್ತಾದರೂ ಚರ್ಚಿನವರಾಗಿದ್ದರೆ ತಾನೆ ಎಂಬುದು ಶೆಪರ್ಡ್ ಅಲ್ಲಿ ಕಂಡುಕೊಂಡ ಸತ್ಯ. ಹೊರಗಿನಿಂದ ಬಂದ ಸಭ್ಯರು ನಡೆಸುವ ಸೇವೆಯಿಂದ ಹೆಚ್ಚು ಪ್ರಯೋಜನವಿಲ್ಲ, ಕೇರಿಯೊಳಗಿಂದಲೇ ಮುಂದಾಳುಗಳು ಎದ್ದು ಬರಬೇಕು. ಅದಕ್ಕೆ ವರ್ಷಗಟ್ಟಲೆ ಕಾಯುವ ತಾಳ್ಮೆ ಬೇಕು. ಬಡತನ ಬರಿಯ ಹಣದ ಕೊರತೆಯಲ್ಲ, ತನ್ನ ಬದುಕಿನ ಬಗ್ಗೆ ತಾನೇ ತೀರ್ಮಾನ ಮಾಡಲಾಗದ ಸ್ಥಿತಿ ಎಂಬುದೂ ಅವರಿಗೆ ಅರ್ಥವಾದದ್ದು ಅಲ್ಲಿಯೇ. ಮುಂದೆ ಅವರು ಬರೆದ 'ಬಿಲ್ಟ್ ಆ್ಯಸ್ ಎ ಸಿಟಿ', 'ಬಯಾಸ್ ಟು ದ ಪೂರ್' ಪುಸ್ತಕಗಳ ಬೀಜ ಇದೇ.

ಮನೆಯೊಳಗೂ ಒಂದು ಹೋರಾಟ ನಡೆದಿತ್ತು. ಗ್ರೇಸ್ ಅವರಿಗೆ ಮದುವೆಯಾದ ಹೊಸದರಲ್ಲೇ ತೀವ್ರ ಮಾನಸಿಕ ಬಳಲಿಕೆ ಬಂತು. ಬಯಲು, ಜನಸಂದಣಿ ಎಂದರೆ ಎದೆ ನಡುಗುವ ಭಯ ವರ್ಷಗಟ್ಟಲೆ ಕಾಡಿತು. ಪಾದ್ರಿಯ ಹೆಂಡತಿ ಎಂದರೆ ಸದಾ ನಗುಮುಖದಿಂದ ಚಹಾ ಹಂಚುತ್ತಿರಬೇಕು ಎಂದು ಜನ ನಿರೀಕ್ಷಿಸುವ ಕಾಲ. ಆಕೆ ಅದನ್ನು ಮುಚ್ಚಿಡಲಿಲ್ಲ. ಭಯದ ಜೊತೆ ಬದುಕುವುದರ ಬಗ್ಗೆ 1989ರಲ್ಲಿ ಪುಸ್ತಕವನ್ನೇ ಬರೆದರು. ಗಂಡನ ಖ್ಯಾತಿಯ ನಡುವೆ ಆ ಪುಸ್ತಕದ ಧೈರ್ಯಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲವೆಂದೇ ನನ್ನ ಭಾವನೆ.

ಮೆಲ್ಬರ್ನ್ ಶತಕ ಬಂದದ್ದು ಈ ಕ್ಯಾನಿಂಗ್ ಟೌನ್ ದಿನಗಳ ನಡುವೆ, ರಜೆ ಹಾಕಿ ಹೋದ ಪ್ರವಾಸದಲ್ಲಿ. 1962ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಜೆಂಟಲ್‌ಮೆನ್–ಪ್ಲೇಯರ್ಸ್ ಪಂದ್ಯದಲ್ಲಿ 112 ಹೊಡೆದು ಆ ಪ್ರವಾಸಕ್ಕೆ ಆಯ್ಕೆಯಾಗಿದ್ದರು. ಆ ಪಂದ್ಯ ಅಲ್ಲಿ ನಡೆದದ್ದು ಅದೇ ಕೊನೆ. ವರ್ಷ ಮುಗಿಯುವುದರೊಳಗೆ ಆ ಎರಡು ಜಾತಿಗಳನ್ನೇ ಕ್ರಿಕೆಟ್ ಆಡಳಿತ ರದ್ದು ಮಾಡಿತು.

ಆಡುವುದಿಲ್ಲ ಎಂದವರು

1960ರಲ್ಲಿ ದಕ್ಷಿಣ ಆಫ್ರಿಕಾ ತಂಡ ಇಂಗ್ಲೆಂಡಿಗೆ ಬಂತು. ಬಿಳಿಯರು ಮಾತ್ರ ಇರುವ ತಂಡ. ಕರಿಯರಿಗೆ, ಮಿಶ್ರವರ್ಣದವರಿಗೆ, ಅಲ್ಲಿ ನೆಲೆಸಿದ್ದ ಭಾರತೀಯರಿಗೆ ಎಷ್ಟೇ ಪ್ರತಿಭೆಯಿದ್ದರೂ ಪ್ರವೇಶವಿಲ್ಲ. ಇಂಥ ತಂಡದ ಎದುರು ತಾನು ಆಡುವುದಿಲ್ಲ ಎಂದು ಶೆಪರ್ಡ್ ಬಹಿರಂಗವಾಗಿ ಹೇಳಿದರು. ಕ್ರೀಡೆಯೇ ಬೇರೆ ರಾಜಕೀಯವೇ ಬೇರೆ ಎಂಬುದು ವೇದವಾಕ್ಯವಾಗಿದ್ದ ಕಾಲದಲ್ಲಿ ಈ ಮಾತು ಕ್ರಿಕೆಟ್ ಹಿರಿಯರಿಗೆ ಪಥ್ಯವಾಗಲಿಲ್ಲ.

ಎಂಟು ವರ್ಷದ ನಂತರ ಅದು ದೊಡ್ಡದಾಗಿ ಸ್ಫೋಟಿಸಿತು. ಬೇಸಿಲ್ ಡಿ'ಒಲಿವೇರಾ ಕೇಪ್‌ಟೌನಿನ ಮಿಶ್ರವರ್ಣದ ಆಟಗಾರ. ತನ್ನ ದೇಶದಲ್ಲಿ ಅವಕಾಶವಿಲ್ಲದೆ ಇಂಗ್ಲೆಂಡಿಗೆ ಬಂದು ಅಲ್ಲಿನ ತಂಡ ಸೇರಿದವರು. 1968ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯ ವಿರುದ್ಧ 158 ಹೊಡೆದರು. ಹಾಗಿದ್ದೂ ಮುಂದಿನ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ, ಆಗ ಇಂಗ್ಲೆಂಡ್ ತಂಡವನ್ನು ವಿದೇಶಗಳಿಗೆ ಕಳುಹಿಸುತ್ತಿದ್ದ ಎಂಸಿಸಿ ಕ್ಲಬ್ ಅವರನ್ನು ಆರಿಸಲಿಲ್ಲ. ದೇಶವೆಲ್ಲ ಗುಲ್ಲೆದ್ದಿತು. ಬಳಿಕ ಗಾಯಗೊಂಡ ಆಟಗಾರನ ಜಾಗಕ್ಕೆ ಡಿ'ಒಲಿವೇರಾ ಹೆಸರು ಸೇರಿದಾಗ ದಕ್ಷಿಣ ಆಫ್ರಿಕಾದ ಪ್ರಧಾನಿ ಫೋರ್ಸ್ಟರ್ ಆ ತಂಡವನ್ನು ಬರಗೊಡುವುದಿಲ್ಲ ಎಂದರು. ಪ್ರವಾಸ ರದ್ದಾಯಿತು.

ಶೆಪರ್ಡ್ ಅಷ್ಟಕ್ಕೆ ಬಿಡಲಿಲ್ಲ. ಆಯ್ಕೆಯ ಹಿಂದೆ ನಡೆದದ್ದಕ್ಕೆ ಎಂಸಿಸಿ ಉತ್ತರ ಕೊಡಬೇಕೆಂದು ಸದಸ್ಯರ ವಿಶೇಷ ಸಭೆ ಕರೆಸಿದರು. 1968ರ ಡಿಸೆಂಬರಿನಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಚರ್ಚ್ ಹೌಸ್‌ನಲ್ಲಿ ಆ ಸಭೆ ಸೇರಿತು. ನಿರ್ಣಯ ಮಂಡಿಸಿದವರು ಶೆಪರ್ಡ್, ಅನುಮೋದಿಸಿದವರು ಮೈಕ್ ಬ್ರೇರ್ಲಿ ಎಂಬ ತರುಣ. ಮುಂದೆ ಇಂಗ್ಲೆಂಡಿನ ಹೆಸರಾಂತ ನಾಯಕರಾದ ಅದೇ ಬ್ರೇರ್ಲಿ. ಮತದಲ್ಲಿ ಸೋತರು. ಸೋಲಿಗಿಂತ ನೋವು ಕೊಟ್ಟದ್ದು ಸ್ನೇಹಗಳ ಬೆಲೆ. ಕೇಂಬ್ರಿಡ್ಜ್ ದಿನಗಳ ಒಡನಾಡಿ, ಇಂಗ್ಲೆಂಡಿನ ಮಾಜಿ ನಾಯಕ ಪೀಟರ್ ಮೇ ಜೊತೆಗಿನ ನಂಟು ಇದೇ ವಿಷಯಕ್ಕೆ ಹಳಸಿತು.

1970ರಲ್ಲಿ ದಕ್ಷಿಣ ಆಫ್ರಿಕಾ ಮತ್ತೆ ಇಂಗ್ಲೆಂಡಿಗೆ ಬರುವುದಿತ್ತು. ಪೀಟರ್ ಹೇನ್ ಮುಂದಾಳತ್ವದ ತರುಣರು ಮೈದಾನಕ್ಕೇ ನುಗ್ಗಿ ತಡೆಯುತ್ತೇವೆ ಎಂದರು. ಶೆಪರ್ಡ್ ಆ ದಾರಿ ಹಿಡಿಯದೆ, ಫೇರ್ ಕ್ರಿಕೆಟ್ ಕ್ಯಾಂಪೇನ್ ಎಂಬ ಸಂಘಟನೆಯ ಅಧ್ಯಕ್ಷರಾಗಿ ಕಾನೂನಿನೊಳಗಿದ್ದೇ ಒತ್ತಡ ಹೇರಿದರು. ಸರ್ಕಾರದ ಕೋರಿಕೆಯ ಮೇರೆಗೆ ಆ ಪ್ರವಾಸವೂ ನಿಂತಿತು. ಆಮೇಲೆ ದಕ್ಷಿಣ ಆಫ್ರಿಕಾ ಟೆಸ್ಟ್ ಅಂಗಳಕ್ಕೆ ಮರಳಿದ್ದು 1992ರಲ್ಲೇ.

ಒಂದು ರಸ್ತೆ, ಎರಡು ದೇವಾಲಯ

ಇಷ್ಟರಲ್ಲಿ, 1969ರಲ್ಲಿ, ನಲವತ್ತರ ಹರೆಯದಲ್ಲಿ ಶೆಪರ್ಡ್ ದಕ್ಷಿಣ ಲಂಡನ್ನಿನ ವುಲಿಚ್‌ನ ಬಿಷಪ್ ಆದರು. ಇದು ಸಹಾಯಕ ಬಿಷಪ್ ಹುದ್ದೆ; ಸ್ವಂತ ಧರ್ಮಪ್ರಾಂತ್ಯವಿರುವುದಿಲ್ಲ. ಆರು ವರ್ಷದ ಬಳಿಕ ಲಿವರ್‌ಪೂಲ್‌ನ ಪೂರ್ಣ ಹೊಣೆ ಬಂತು. ಬಿಷಪ್ ಯಾರಾಗಬೇಕೆಂದು ಪ್ರಧಾನಿಯೇ ಆರಿಸಿ ರಾಣಿಗೆ ಸಲಹೆ ಮಾಡುತ್ತಿದ್ದ ದಿನಗಳವು. ಆಗಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಲಿವರ್‌ಪೂಲ್‌ಗೆ ಅಂಟಿಕೊಂಡ ಹೈಟನ್ ಕ್ಷೇತ್ರದಿಂದಲೇ ಆರಿಸಿ ಬಂದವರು. ಹೊಸ ಬಿಷಪ್ ಎಂಥ ಊರಿಗೆ ಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಲಿವರ್‌ಪೂಲ್ ಎಂದರೆ ನಮಗೆ ಬೀಟಲ್ಸ್ ಮತ್ತು ಫುಟ್‌ಬಾಲ್. ಆದರೆ ಅದು ಬಹುಕಾಲ ಧರ್ಮದ್ವೇಷದ ಊರೂ ಆಗಿತ್ತು. ಐರ್ಲೆಂಡಿನ ಬರಗಾಲದ ದಿನಗಳಿಂದ ಹಡಗು ಹತ್ತಿ ಬಂದು ನೆಲೆಸಿದ ಕ್ಯಾಥೊಲಿಕರು ಒಂದು ಕಡೆ, ಅವರನ್ನು ಕಂಡರಾಗದ ಪ್ರಾಟೆಸ್ಟೆಂಟರು ಇನ್ನೊಂದು ಕಡೆ. ಬೀದಿಗಳೇ ಹಂಚಿಹೋಗಿದ್ದವು; ಮೆರವಣಿಗೆ ಹೊರಟರೆ ಹೊಡೆದಾಟ.

ಆ ನಗರದಲ್ಲಿ ಹೋಪ್ ಸ್ಟ್ರೀಟ್ ಎಂಬ ರಸ್ತೆಯಿದೆ. ಅದರ ಒಂದು ತುದಿಗೆ ಆಂಗ್ಲಿಕನ್ ಕೆಥೆಡ್ರಲ್. 1904ರಲ್ಲಿ ಅಡಿಗಲ್ಲು ಹಾಕಿ 1978ರಲ್ಲಿ ಮುಗಿಸಿದ ದೈತ್ಯ ಕಟ್ಟಡ. ಮತ್ತೊಂದು ತುದಿಗೆ 1967ರಲ್ಲಿ ತೆರೆದ, ಡೇರೆಯಾಕಾರದ ಕ್ಯಾಥೊಲಿಕ್ ಕೆಥೆಡ್ರಲ್. ಆಂಗ್ಲಿಕನ್ನರದ್ದನ್ನು ವಿನ್ಯಾಸ ಮಾಡಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಕ್ಯಾಥೊಲಿಕ್, ಕ್ಯಾಥೊಲಿಕರದ್ದನ್ನು ಮಾಡಿದ ಫ್ರೆಡರಿಕ್ ಗಿಬರ್ಡ್ ಕ್ಯಾಥೊಲಿಕರಲ್ಲ!

1976ರಲ್ಲಿ ಡೆರೆಕ್ ವೊರ್ಲಾಕ್ ಕ್ಯಾಥೊಲಿಕ್ ಆರ್ಚ್‌ಬಿಷಪ್ಪರಾಗಿ ಬಂದರು. ಶೆಪರ್ಡ್ ದಡೂತಿ ಎತ್ತರದ, ನಿಧಾನವಾಗಿ ಮಾತಾಡುವ ಆಟಗಾರ. ವೊರ್ಲಾಕ್ ಕಡತ, ಸಮಿತಿ, ಶಿಷ್ಟಾಚಾರ ಎಲ್ಲವನ್ನೂ ಅರೆದು ಕುಡಿದ ಆಡಳಿತಗಾರ. ಇಬ್ಬರೂ ಸೇರಿ ಒಂದು ನಿಯಮ ಮಾಡಿಕೊಂಡಂತೆ ನಡೆದರು: ಒಬ್ಬೊಬ್ಬರೇ ಮಾಡಲೇಬೇಕಾದದ್ದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಒಟ್ಟಿಗೇ ಮಾಡುವುದು. ಕಾರ್ಖಾನೆ ಮುಚ್ಚಿದರೆ ಇಬ್ಬರೂ ಹಾಜರು, ಮಂತ್ರಿಯ ಭೇಟಿಗೆ ಇಬ್ಬರೂ ಹಾಜರು. ಇತರ ಪ್ರಾಟೆಸ್ಟೆಂಟ್ ಸಭೆಗಳ ಮುಖಂಡರನ್ನೂ ಜೊತೆಗೆ ಕರೆದುಕೊಂಡರು. ಊರಿನವರು ಇಬ್ಬರಿಗೂ ಸೇರಿಸಿ ಇಟ್ಟ ಹೆಸರು 'ಫಿಶ್ ಆ್ಯಂಡ್ ಚಿಪ್ಸ್'. ಯಾವಾಗಲೂ ಜೋಡಿ, ಯಾವಾಗಲೂ ಪೇಪರಿನಲ್ಲಿ; ಹುರಿದ ಮೀನು ಮತ್ತು ಆಲೂಗಡ್ಡೆಯನ್ನು ಅಲ್ಲಿ ಸುದ್ದಿಪತ್ರಿಕೆಯಲ್ಲಿ ಸುತ್ತಿ ಕೊಡುತ್ತಿದ್ದರಲ್ಲ.

ನಮ್ಮ ಸಿಎಸ್ಐನಲ್ಲಿ ಸಭೆಗಳು ತಮ್ಮ ಬೇಲಿ ಕಿತ್ತು ಒಂದೇ ಆದವು. ಲಿವರ್‌ಪೂಲ್‌ನಲ್ಲಿ ಯಾರೂ ಬೇಲಿ ಕೀಳಲಿಲ್ಲ, ಸಿದ್ಧಾಂತದ ಜಗಳ ಬಗೆಹರಿಸಲೂ ಇಲ್ಲ. ವಿರೋಧ ಇದ್ದೇ ಇತ್ತು. 1982ರ ಮಾರ್ಚ್‌ನಲ್ಲಿ ಆಂಗ್ಲಿಕನ್ ಸಭೆಯ ಅಗ್ರ ಪಾದ್ರಿಯಾದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ಅಲ್ಲಿ ಪ್ರಸಂಗ ಮಾಡಲು ನಿಂತಾಗ, ಪೋಪರ ಭೇಟಿಯನ್ನು ವಿರೋಧಿಸುವವರು ಚರ್ಚಿನೊಳಗೇ ಕೂಗಾಡಿ ಮಾತು ನಿಲ್ಲಿಸಿದರು. ಎರಡೇ ತಿಂಗಳಲ್ಲಿ, ಮೇ 30ರಂದು, ಪೋಪ್ ಎರಡನೇ ಜಾನ್ ಪಾಲ್ ಬಂದು ಹೋಪ್ ಸ್ಟ್ರೀಟಿನ ಎರಡೂ ಕೆಥೆಡ್ರಲ್‌ಗಳಿಗೆ ಭೇಟಿ ಕೊಟ್ಟರು. ಆಂಗ್ಲಿಕನ್ ಕೆಥೆಡ್ರಲ್‌ನಲ್ಲಿ ಅವರಿಗೆ ಸಿಕ್ಕಿದ್ದು ಕಿವಿಗಡಚಿಕ್ಕುವ ಚಪ್ಪಾಳೆ.

ಹೊತ್ತಿದ ಬೀದಿಗಳು

ಅದಕ್ಕೂ ಮುಂಚಿನ ವರ್ಷ ಊರು ಹೊತ್ತಿ ಉರಿದಿತ್ತು. ಹಡಗಿನ ವ್ಯಾಪಾರ ದೇಶದ ಇನ್ನೊಂದು ದಿಕ್ಕಿಗೆ ಸರಿದು, ಕಂಟೇನರುಗಳು ಬಂದು ಕೂಲಿಯ ಕೆಲಸವನ್ನೇ ನುಂಗಿದ್ದವು. 1931ರಲ್ಲಿ ಎಂಟೂವರೆ ಲಕ್ಷದಷ್ಟಿದ್ದ ನಗರದ ಜನಸಂಖ್ಯೆ 1981ರ ವೇಳೆಗೆ ಐದು ಲಕ್ಷದ ಆಸುಪಾಸಿಗೆ ಇಳಿದಿತ್ತು. ಸ್ಪೀಕ್‌ನ ಕಾರು ಕಾರ್ಖಾನೆ 1978ರಲ್ಲಿ ಮುಚ್ಚಿತು, ಟೇಟ್ ಆ್ಯಂಡ್ ಲೈಲ್ ಸಕ್ಕರೆ ಕಾರ್ಖಾನೆ 1981ರಲ್ಲಿ. ಟಾಕ್ಸ್‌ಟೆತ್ ಬಡಾವಣೆಯ ಕರಿಯ ಯುವಕರಿಗೆ ಕೆಲಸವೂ ಇಲ್ಲ, ದಾರಿಯಲ್ಲಿ ಹೋದರೆ ಪೊಲೀಸರ ಕಾಟ ಬೇರೆ. 1981ರ ಜುಲೈನಲ್ಲಿ ಗಲಭೆ ಎದ್ದಿತು. ಬ್ರಿಟನ್ನಿನ ಮುಖ್ಯ ಭೂಭಾಗದಲ್ಲಿ ಪೊಲೀಸರು ಗಲಭೆಯ ಜನರ ಮೇಲೆ ಸಿಎಸ್ ಅಶ್ರುವಾಯು ಹಾರಿಸಿದ್ದು ಅದೇ ಮೊದಲು.

ಲಿವರ್‌ಪೂಲ್‌ಗೆ ಹಣ ಸುರಿಯುವುದು ವ್ಯರ್ಥ, ಅದನ್ನು ವ್ಯವಸ್ಥಿತವಾಗಿ ಇಳಿಮುಖವಾಗಲು ಬಿಡಬಹುದಲ್ಲ ಎಂಬ ವಿಚಾರವನ್ನು ಆಗಿನ ಹಣಕಾಸು ಸಚಿವ ಜೆಫ್ರಿ ಹೌ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮುಂದಿಟ್ಟಿದ್ದರು. ಮೂವತ್ತು ವರ್ಷದ ಬಳಿಕ, 2011ರಲ್ಲಿ, ಸರ್ಕಾರಿ ಕಡತಗಳು ಬಯಲಾದಾಗ ಇದು ಹೊರಬಂತು. ತಮ್ಮನ್ನು ಕೈಬಿಡಲಾಗುತ್ತಿದೆ ಎಂದು ಊರಿನವರಿಗೆ ಅನ್ನಿಸಿದ್ದು ಸುಮ್ಮನೆ ಅಲ್ಲ. ಸಂಪುಟದಲ್ಲೇ ಮೈಕೇಲ್ ಹೆಸೆಲ್ಟೈನ್ ಇದನ್ನು ಒಪ್ಪದೆ ಲಿವರ್‌ಪೂಲ್‌ಗೆ ಬಂದು ಕುಳಿತು ಕೆಲಸ ಮಾಡಿದರು. ಅವರು ಕರೆದು ಮಾತಾಡಿಸಿದವರಲ್ಲಿ ಇಬ್ಬರು ಬಿಷಪ್ಪರೂ ಇದ್ದರು.

ಶೆಪರ್ಡ್ ಎಡಪಂಥದ ಕಡೆ ವಾಲಿದ್ದರೆಂಬುದು ನಿಜ. ಹಾಗೆಂದು ಎಡಪಂಥದವರು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. 1983ರಿಂದ ನಗರಸಭೆಯಲ್ಲಿ ಲೇಬರ್ ಪಕ್ಷದೊಳಗಿನ ಉಗ್ರ 'ಮಿಲಿಟೆಂಟ್' ಬಣದ ಕೈ ಮೇಲಾಯಿತು. ಲಂಡನ್ನಿನ ಜೊತೆಗಿನ ಹಣದ ಹಗ್ಗಜಗ್ಗಾಟದಲ್ಲಿ ತನ್ನದೇ ಸಾವಿರಾರು ನೌಕರರಿಗೆ ಕೆಲಸದಿಂದ ತೆಗೆಯುವ ನೋಟಿಸು ಹೊರಡಿಸುವ ಮಟ್ಟಕ್ಕೆ ಆ ಬಣ ಹೋಯಿತು. 1985ರ ಅಕ್ಟೋಬರಿನಲ್ಲಿ ಶೆಪರ್ಡ್ ಮತ್ತು ವೊರ್ಲಾಕ್ 'ಟೈಮ್ಸ್' ಪತ್ರಿಕೆಯಲ್ಲಿ ಜಂಟಿ ಲೇಖನ ಬರೆದು ಅದನ್ನು ಖಂಡಿಸಿದರು. ಥ್ಯಾಚರ್ ಸರ್ಕಾರಕ್ಕೂ ಸಿಟ್ಟು, ನಗರಸಭೆಗೂ ಸಿಟ್ಟು. ಇಬ್ಬರಿಗೂ ಬೇಡದವರಾಗಿ ಊರಿಗೆ ಬೇಕಾದವರಾಗುವುದು ಸುಲಭದ ಕೆಲಸವಲ್ಲ.

1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ ಜನಸಂದಣಿಯ ಒತ್ತಡಕ್ಕೆ ಸಿಕ್ಕಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ಸತ್ತರು. ಆ ದುರಂತದ ಲೆಕ್ಕ ಕೊನೆಗೆ 97ಕ್ಕೆ ಮುಟ್ಟಿತು. ಯಾರು ಯಾವ ಚರ್ಚಿನವರು ಎಂದು ಕೇಳದೆ ಎರಡೂ ಕೆಥೆಡ್ರಲ್‌ಗಳಲ್ಲಿ ಜನ ಸೇರಿ ಅತ್ತರು. ಹಿಂದಿನ ಹದಿಮೂರು ವರ್ಷದ ಒಡನಾಟ ಆ ವಾರದಲ್ಲಿ ಕೆಲಸಕ್ಕೆ ಬಂತು.

ಸರ್ಕಾರಕ್ಕೆ ಖಾರವಾದ ವರದಿ

1983ರಲ್ಲಿ ಆರ್ಚ್‌ಬಿಷಪ್ ರನ್ಸಿ ನಗರಗಳ ಬಡತನ ಅಧ್ಯಯನ ಮಾಡಲು ಒಂದು ಆಯೋಗ ನೇಮಿಸಿದರು. ಅಧ್ಯಕ್ಷರು ಸರ್ ರಿಚರ್ಡ್ ಒ'ಬ್ರಿಯೆನ್, ಉಪಾಧ್ಯಕ್ಷರು ಶೆಪರ್ಡ್. ಸದಸ್ಯರು ಊರೂರಿನ ಕೊಳೆಗೇರಿ, ಬಹುಮಹಡಿ ವಸತಿ ಸಮುಚ್ಚಯಗಳನ್ನು ಸುತ್ತಿದರು. 1985ರ ಡಿಸೆಂಬರಿನಲ್ಲಿ 'ಫೇತ್ ಇನ್ ದ ಸಿಟಿ' ಹೆಸರಿನಲ್ಲಿ ವರದಿ ಹೊರಬಂತು. ಒಟ್ಟು 61 ಶಿಫಾರಸುಗಳು. ಅವುಗಳಲ್ಲಿ 38 ಚರ್ಚು ತಾನು ಮಾಡಬೇಕಾದವು, 23 ಸರ್ಕಾರಕ್ಕೆ.

ಸರ್ಕಾರದ ಕಣ್ಣಿಗೆ ಬಿದ್ದದ್ದು ಆ 23 ಮಾತ್ರ. ಹೆಸರು ಹೇಳದ ಸಚಿವರೊಬ್ಬರು ವರದಿ ಬರುವ ಮುಂಚೆಯೇ ಅದಕ್ಕೆ ಮಾರ್ಕ್ಸ್‌ವಾದದ ಹಣೆಪಟ್ಟಿ ಹಚ್ಚಿದರು. ಪರಿಣಾಮ ತಿರುಗುಮುರುಗಾಯಿತು. ಚರ್ಚಿನ ಆಯೋಗದ ವರದಿಯನ್ನು ಸಾಮಾನ್ಯವಾಗಿ ಯಾರು ಓದುತ್ತಾರೆ? ಬೈಗುಳ ಕೇಳಿದವರೆಲ್ಲ ಇದನ್ನು ಹುಡುಕಿಕೊಂಡು ಕೊಂಡರು. ಅದರ ಫಲವಾಗಿ ಹುಟ್ಟಿದ ಚರ್ಚ್ ಅರ್ಬನ್ ಫಂಡ್ ಬಡ ಬಡಾವಣೆಗಳ ಕೆಲಸಗಳಿಗೆ ಹಣ ಕೊಡತೊಡಗಿತು.

ಟೀಕೆ ಸರ್ಕಾರದ ಕಡೆಯಿಂದ ಮಾತ್ರ ಬರಲಿಲ್ಲ. ಸುವಾರ್ತೆ ಸಾರುವುದನ್ನು ಬಿಟ್ಟು ರಾಜಕೀಯಕ್ಕಿಳಿದರು ಎಂದು ಶೆಪರ್ಡರ ಹಳೆಯ ಭಕ್ತ ಬಳಗವೇ ಗೊಣಗಿತು. ದೇವರು ಬಡವರ ಪರ ಎಂದರೆ ಉಳಿದವರು ದೇವರ ಮಕ್ಕಳಲ್ಲವೇ ಎಂಬ ಪ್ರಶ್ನೆಗೂ ಅವರು ಪದೇ ಪದೇ ಉತ್ತರಿಸಬೇಕಾಯಿತು. ಆ ಪ್ರಶ್ನೆ ಹಗುರವಾದದ್ದಲ್ಲ, ಅವರ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಲೂ ಇಲ್ಲ. 1990ರಲ್ಲಿ ಕ್ಯಾಂಟರ್‌ಬರಿಯ ಪೀಠ ತೆರವಾದಾಗ ಶೆಪರ್ಡ್ ಹೆಸರು ಪತ್ರಿಕೆಗಳಲ್ಲಿ ಓಡಾಡಿತು. ಥ್ಯಾಚರ್ ಇರುವಾಗ ಅದು ಆಗುವ ಮಾತಲ್ಲ ಎಂದು ಬಲ್ಲವರು ಆಗಲೇ ಹೇಳಿದ್ದರು. ಪೀಠ ಜಾರ್ಜ್ ಕ್ಯಾರಿ ಅವರಿಗೆ ಹೋಯಿತು.

ಪೀಠ ಬಿಟ್ಟ ಮೇಲೆ

ವೊರ್ಲಾಕ್ 1996ರಲ್ಲಿ ತೀರಿಕೊಂಡರು. ಮರುವರ್ಷ ಶೆಪರ್ಡ್ ನಿವೃತ್ತರಾದರು. ಆಂಗ್ಲಿಕನ್ ಪದ್ಧತಿಯಲ್ಲಿ ಬಿಷಪ್ ದೀಕ್ಷೆ ಅಳಿಯುವುದಿಲ್ಲ, ನಿವೃತ್ತರಾದರೂ ಬಿಷಪ್ಪರೇ. ಹೋಗುವುದು ಧರ್ಮಪ್ರಾಂತ್ಯ, ಅಧಿಕೃತ ಮನೆ ಮತ್ತು ಮೇಲ್ಮನೆಯ ಸ್ಥಾನ. ಹೊಸಬರಿಗೆ ಅಡ್ಡಿಯಾಗದಂತೆ ದೂರವಿರುವುದು ನಿವೃತ್ತರ ಮರ್ಯಾದೆ ಎಂಬ ಅಲಿಖಿತ ನಿಯಮವೂ ಇದೆ. ಶೆಪರ್ಡ್ ದಂಪತಿ ಮರ್ಸಿ ನದಿಯ ಆಚೆಗಿನ ವೆಸ್ಟ್ ಕರ್ಬಿಗೆ ಹೋಗಿ ನೆಲೆಸಿದರು.

ಮೇಲ್ಮನೆಯ ಬಾಗಿಲು ಮಾತ್ರ ಪೂರ್ತಿ ಮುಚ್ಚಲಿಲ್ಲ. 1998ರಲ್ಲಿ ಟೋನಿ ಬ್ಲೇರ್ ಸರ್ಕಾರ ಅವರನ್ನು ಲಾರ್ಡ್ ಆಗಿ ನೇಮಿಸಿತು. ಬಿಷಪ್ಪರ ಸಾಲಿನಲ್ಲಿ ಬಿಳಿ ನಿಲುವಂಗಿ ತೊಟ್ಟು ಕೂರುತ್ತಿದ್ದವರು ಈಗ ಲೇಬರ್ ಪಕ್ಷದ ಸಾಲಿನಲ್ಲಿ ಸಾಮಾನ್ಯ ಕೋಟಿನಲ್ಲಿ ಕುಳಿತರು. ಒಲವು ಯಾವ ಕಡೆಗಿತ್ತೆಂದು ಇನ್ನು ಯಾರೂ ಊಹೆ ಮಾಡಬೇಕಿರಲಿಲ್ಲ. 2002ರಲ್ಲಿ ಆತ್ಮಕತೆ ಬಂತು. ಹೆಸರಿನಲ್ಲೇ ಹೋಪ್ ಸ್ಟ್ರೀಟ್ ಇತ್ತು.

ಕರುಳಿನ ಕ್ಯಾನ್ಸರ್‌ನಿಂದ ಬಳಲಿ 2005ರ ಮಾರ್ಚ್ 5ರಂದು ಅವರು ತೀರಿಕೊಂಡರು. ಮರುದಿನ 76 ತುಂಬಬೇಕಿತ್ತು. ಮೂರು ವರ್ಷದ ನಂತರ ಹೋಪ್ ಸ್ಟ್ರೀಟಿನ ನಡುಮಧ್ಯದಲ್ಲಿ ಶಿಲ್ಪಿ ಸ್ಟೀಫನ್ ಬ್ರಾಡ್‌ಬೆಂಟ್ ರಚಿಸಿದ ಸ್ಮಾರಕ ನಿಂತಿತು. ಎರಡು ಎತ್ತರದ ಕಂಚಿನ ಬಾಗಿಲುಗಳು, ಒಂದರಲ್ಲಿ ಶೆಪರ್ಡ್, ಇನ್ನೊಂದರಲ್ಲಿ ವೊರ್ಲಾಕ್. ಬಾಗಿಲ ಮೈಮೇಲೆ ಹಳೆಯ ಪತ್ರಿಕೆಗಳ ತುಣುಕುಗಳ ಅಚ್ಚು. 'ಯಾವಾಗಲೂ ಪೇಪರಿನಲ್ಲಿ' ಎಂಬ ಊರಿನ ತಮಾಷೆಗೆ ಕಂಚಿನ ಮುದ್ರೆ ಬಿದ್ದಂತಾಯಿತು. ಖರ್ಚು ಜನರ ದೇಣಿಗೆಯಿಂದ.

ಕ್ರಿಕೆಟ್ಟೂ ಅವರನ್ನು ಕೈಬಿಟ್ಟಿರಲಿಲ್ಲ. ಎಂಸಿಸಿ ಸಭೆಯಲ್ಲಿ ಬೆನ್ನು ತಿರುಗಿಸಿದವರು ಎಷ್ಟೋ ಮಂದಿ ಇದ್ದರೂ, ನಿವೃತ್ತಿಯ ಬಳಿಕ ಸಸೆಕ್ಸ್ ಕೌಂಟಿ ತನ್ನ ಹಳೆಯ ನಾಯಕನನ್ನು ಕರೆದು ಅಧ್ಯಕ್ಷ ಪದವಿ ಕೊಟ್ಟಿತು. 1953ರಲ್ಲಿ ಅವರ ಕೈಗೆ ಬಂದಂತಾಗಿ ತಪ್ಪಿದ್ದ ಕೌಂಟಿ ಚಾಂಪಿಯನ್‌ಷಿಪ್ ಆ ತಂಡಕ್ಕೆ ಅಲ್ಲಿಯವರೆಗೂ ಒಮ್ಮೆಯೂ ಒಲಿದಿರಲಿಲ್ಲ. 2003ರಲ್ಲಿ, ಮುಷ್ತಾಕ್ ಅಹ್ಮದ್ ಎಂಬ ಪಾಕಿಸ್ತಾನಿ ಲೆಗ್ ಸ್ಪಿನ್ನರ್ ಹಿಡಿಗಟ್ಟಲೆ ವಿಕೆಟ್ ಕಿತ್ತ ಋತುವಿನಲ್ಲಿ, ಸಸೆಕ್ಸ್ ಮೊದಲ ಬಾರಿಗೆ ಅದನ್ನು ಗೆದ್ದಿತು. ಅದನ್ನು ನೋಡಲು ಶೆಪರ್ಡ್ ಇದ್ದರು.